ಬೆಳಿಗ್ಗೆ ಆಪರೇಷನ್, ಸಂಜೆ ಮನೆ: ಕೊಡಗಿನ ಮನೆಗಳಿಗೆ ಒಂದು ಕೈಪಿಡಿ

ಕಣ್ಣಿನ ಪೊರೆ, ಹರ್ನಿಯಾ, ಪೈಲ್ಸ್, ಮೈಮೇಲಿನ ಗಂಟು ತೆಗೆಯುವುದು. ಇಂಥ ಆಪರೇಷನ್‌ಗಳಲ್ಲಿ ಬಹುಪಾಲಿಗೆ ಈಗ ರಾತ್ರಿ ಆಸ್ಪತ್ರೆಯಲ್ಲಿ ಉಳಿಯಬೇಕಾಗಿಲ್ಲ. ಬೆಳಿಗ್ಗೆ ಸೇರಿಸಿಕೊಂಡು ಸಂಜೆ ಕಳಿಸಿಬಿಡುತ್ತಾರೆ. ಡೇ ಕೇರ್ ಅನ್ನುವುದು ಇದಕ್ಕೇ. ‘ಅದೇ ದಿನ ಮನೆಗೆ’ ಅಂದ ಕೂಡಲೇ ಸಣ್ಣ ಆಪರೇಷನ್ ಎಂದು ಹಗುರಾಗಿ ತೆಗೆದುಕೊಳ್ಳುವವರೇ ಹೆಚ್ಚು. ವಾರ್ಡಿನಲ್ಲಿ ನರ್ಸ್ ನೋಡಿಕೊಳ್ಳಬೇಕಿದ್ದ ನೋವು, ವಾಂತಿ, ಮೂತ್ರ, ರಕ್ತಸ್ರಾವ ಎಲ್ಲವೂ ಅವತ್ತು ರಾತ್ರಿ ಮನೆಯವರ ಕೈಗೆ ಬರುತ್ತದೆ. ಪೇಟೆಯಲ್ಲಿದ್ದರೆ ಏನಾದರೂ ಆದಾಗ ಹತ್ತು ನಿಮಿಷಕ್ಕೆ ಆಸ್ಪತ್ರೆ ಸಿಗುತ್ತದೆ. ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರ್ ಒಳಗಿರುವ ತೋಟದ ಮನೆಯಲ್ಲಿ, ಕರೆಂಟು ಹೋಗಿ ಮೊಬೈಲ್ ಸಿಗ್ನಲ್ಲೂ ಇಲ್ಲದ ಮಳೆಗಾಲದ ರಾತ್ರಿಯಲ್ಲಿ ಲೆಕ್ಕ ಬೇರೆ. ಹಾಗಾಗಿ ಇಲ್ಲಿ ತಯಾರಿಯ ಅರ್ಧ ಆಸ್ಪತ್ರೆಗೆ, ಇನ್ನರ್ಧ ದಾರಿಗೂ ಮನೆಗೂ.

ದಿನ ಗೊತ್ತುಮಾಡುವಾಗ

ತುರ್ತಿಲ್ಲದ ಆಪರೇಷನ್ ಆದರೆ ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆ ತಪ್ಪಿಸುವುದು ಒಳ್ಳೆಯದು. ಪೊರೆಯನ್ನು ಇಂಥ ಕಾಲದಲ್ಲೇ ತೆಗೆಸಬೇಕು ಎಂಬ ಹಳೆಯ ನಂಬಿಕೆಗೆ ಆಧಾರವಿಲ್ಲ. ಯಾವ ತಿಂಗಳಾದರೂ ಕಣ್ಣಿಗೆ ಒಂದೇ. ತಾಪತ್ರಯ ಇರುವುದು ರಸ್ತೆಯದು. ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಕಾವೇರಿ ಉಕ್ಕಿದರೆ ರಸ್ತೆ ಮುಳುಗುತ್ತದೆ, ಮರುದಿನ ಕಟ್ಟು ಬಿಚ್ಚಿಸಲು ಹೋಗುವುದಕ್ಕೂ ಆಗುವುದಿಲ್ಲ. ಇನ್ನೊಂದು ಕಡೆ ಕಾಫಿ ಕೊಯ್ಲು. ನವೆಂಬರ್‌ನಲ್ಲಿ ಅರೇಬಿಕಾ ಶುರುವಾದರೆ ಫೆಬ್ರವರಿ ದಾಟುವವರೆಗೂ ರೋಬಸ್ಟಾ ಮುಗಿಯುವುದಿಲ್ಲ. ಆ ಮಧ್ಯೆ ಹರ್ನಿಯಾ ಮಾಡಿಸಿಕೊಂಡವರು ನಾಲ್ಕನೇ ದಿನಕ್ಕೇ ಕಣದಲ್ಲಿ ನಿಂತಿರುತ್ತಾರೆ, ‘ಸುಮ್ಮನೆ ನೋಡ್ತಿದ್ದೆ’ ಅನ್ನುತ್ತಾರೆ, ಮೂಟೆಗೆ ಕೈ ಹಾಕಿರುತ್ತಾರೆ. ಮಾರ್ಚ್‌ನಿಂದ ಮೇ ನಡುವೆ ಬಿಡುವು ಮಾಡಿಕೊಳ್ಳಲು ಆಗುವುದಾದರೆ ಅದೇ ಸರಿಯಾದ ಕಾಲ.

ಆದರೆ ಒಂದು ಎಚ್ಚರ. ಹರ್ನಿಯಾದ ಉಬ್ಬು ಒಳಗೆ ಹೋಗದೆ ಗಟ್ಟಿಯಾಗಿ ನೋಯುತ್ತಿದ್ದರೆ, ಜೊತೆಗೆ ವಾಂತಿಯೂ ಇದ್ದರೆ ಕರುಳು ಸಿಕ್ಕಿಕೊಂಡಿರಬಹುದು. ಆಗ ಮಳೆ, ಕೊಯ್ಲು ಏನನ್ನೂ ನೋಡಬಾರದು, ಆ ಗಂಟೆಯೇ ಹೊರಡಬೇಕು.

ಜೊತೆಗಿರುವವರು ಯಾರು ಎಂಬುದನ್ನೂ ದಿನ ಗೊತ್ತುಮಾಡುವಾಗಲೇ ಗೊತ್ತುಮಾಡಿ. ಅರಿವಳಿಕೆ ಪಡೆದವರನ್ನು ಒಬ್ಬರೇ ಬಂದಿದ್ದರೆ ಕಳಿಸುವುದಿಲ್ಲ; ದೊಡ್ಡವರೊಬ್ಬರು ಕನಿಷ್ಠ 24 ಗಂಟೆ ಪಕ್ಕದಲ್ಲಿರಬೇಕು. ಮಕ್ಕಳೆಲ್ಲ ಬೆಂಗಳೂರಿನಲ್ಲಿದ್ದು ಗಂಡ ಹೆಂಡತಿ ಇಬ್ಬರೇ ಇರುವ ಮನೆಗಳು ಇಲ್ಲಿ ಕಡಿಮೆಯಲ್ಲ. ಮಗನೋ ಮಗಳೋ ಆಪರೇಷನ್ ದಿನ ಬಂದು ರಾತ್ರಿಯ ಬಸ್ಸಿಗೇ ವಾಪಸ್ ಹೊರಟರೆ ಪ್ರಯೋಜನವಿಲ್ಲ. ರಜೆ ಒಂದೇ ದಿನ ಸಿಗುವುದಾದರೆ ಅದನ್ನು ಮರುದಿನಕ್ಕೆ ಹಾಕಿಸಿ, ಆಪರೇಷನ್ ದಿನಕ್ಕೆ ನೆಂಟರನ್ನೋ ನೆರೆಯವರನ್ನೋ ಕರೆದುಕೊಳ್ಳಿ.

ಕಾಗದಪತ್ರ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್ ಕಾರ್ಡಿನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು ಸಿಗುತ್ತದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪತ್ರ ಬೇಕು. ಅದಿಲ್ಲದೆ ಮೈಸೂರಿಗೋ ಮಂಗಳೂರಿಗೋ ಹೋಗಿ ನಿಂತರೆ ಪತ್ರಕ್ಕಾಗಿ ಮಡಿಕೇರಿಗೆ ವಾಪಸ್ ಬರಬೇಕಾಗುತ್ತದೆ. ಆಧಾರ್, ರೇಷನ್ ಕಾರ್ಡು ಎರಡರ ಮೂಲಪ್ರತಿಯನ್ನೂ ಇಟ್ಟುಕೊಳ್ಳಿ. ಎರಡರಲ್ಲೂ ಹೆಸರಿನ ಕಾಗುಣಿತ ಒಂದೇ ಇದೆಯೇ ಎಂದು ಮನೆಯಲ್ಲೇ ನೋಡಿ. ಖಾಸಗಿ ವಿಮೆ ಇರುವವರು ‘ಇದು ಡೇ ಕೇರ್ ಪಟ್ಟಿಯಲ್ಲಿ ಇದೆಯೇ’ ಎಂದು ಮುಂಚೆಯೇ ಕೇಳಬೇಕು. ಪಟ್ಟಿಯಲ್ಲಿದ್ದರೆ 24 ಗಂಟೆ ದಾಖಲಾಗಿರಬೇಕೆಂಬ ನಿಯಮ ಅಡ್ಡ ಬರುವುದಿಲ್ಲ.

ದಿನವೂ ನುಂಗುವ ಮಾತ್ರೆಗಳು

ಚೀಟಿ ಕಳೆದುಹೋಗಿದ್ದರೆ ಮಾತ್ರೆಯ ಹಾಳೆಗಳನ್ನೇ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ‘ಬಿಳಿ ಮಾತ್ರೆ, ಅರ್ಧ’ ಅಂದರೆ ಯಾವ ಡಾಕ್ಟರಿಗೂ ತಿಳಿಯುವುದಿಲ್ಲ. ಕೇಳಿಕೊಳ್ಳಬೇಕಾದ್ದು ಇಷ್ಟು:

ರಕ್ತ ತೆಳುವಾಗಿಸುವ ಮಾತ್ರೆ. ವಾರ್ಫರಿನ್ ನಿಲ್ಲಿಸಬೇಕಾದರೆ ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸುತ್ತಾರೆ. ಕ್ಲೋಪಿಡೋಗ್ರೆಲ್‌ಗೆ 5ರಿಂದ 7 ದಿನ. ಆದರೆ ಬರೀ ಡ್ರಾಪ್ಸ್ ಹಾಕಿ ಮಾಡುವ ಪೊರೆ ಆಪರೇಷನ್‌ಗೆ ಎಷ್ಟೋ ಸಲ ನಿಲ್ಲಿಸುವುದೇ ಬೇಡ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ನೆರೆಮನೆಯವರ ಮಾತು ಕೇಳಿ ಇವನ್ನು ಬಿಡಲೇಬಾರದು. ಸ್ಟೆಂಟ್ ಕಟ್ಟಿಕೊಂಡರೆ ಹರ್ನಿಯಾಕ್ಕಿಂತ ದೊಡ್ಡ ಕೇಡು.

ಶುಗರ್ ಮಾತ್ರೆ. ಹೊಟ್ಟೆ ಖಾಲಿ ಇರುವ ಬೆಳಿಗ್ಗೆ ಮಾಮೂಲಿ ಮಾತ್ರೆ ನುಂಗಿದರೆ ಶುಗರ್ ಇಳಿದು ತಲೆಸುತ್ತು ಬರಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೆಸರು ಹಾಳೆಯ ಮೇಲಿದ್ದರೆ ತಪ್ಪದೆ ಹೇಳಿ. ಇವನ್ನು 3 ದಿನ ಮುಂಚೆಯೇ ನಿಲ್ಲಿಸುವುದು ರೂಢಿ, ಏಕೆಂದರೆ ಉಪವಾಸದಲ್ಲಿ ಶುಗರ್ ಸರಿಯಾಗೇ ಕಾಣುತ್ತಿದ್ದರೂ ರಕ್ತ ಆಮ್ಲೀಯವಾಗಬಹುದು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್ ಇದ್ದರೆ ಹೊಟ್ಟೆ ಖಾಲಿಯಾಗುವುದೇ ನಿಧಾನ, ಅದನ್ನೂ ಹೇಳಬೇಕು. ಇನ್ಸುಲಿನ್ ಎಷ್ಟು ಎಂಬುದನ್ನು ಡಾಕ್ಟರೇ ಬರೆದುಕೊಡಲಿ.

ಥೈರಾಯ್ಡ್ ಮಾತ್ರೆ ಮತ್ತು ಬಹುತೇಕ ಬಿಪಿ ಮಾತ್ರೆಗಳನ್ನು ಒಂದು ಗುಟುಕು ನೀರಿನಲ್ಲಿ ತೆಗೆದುಕೊಳ್ಳಲು ಹೇಳುತ್ತಾರೆ. ಟೆಲ್ಮಿಸಾರ್ಟನ್ ಜಾತಿಯದನ್ನು ಕೆಲವರು ಆ ಬೆಳಿಗ್ಗೆ ಬೇಡ ಅನ್ನುತ್ತಾರೆ, ಅರಿವಳಿಕೆಯಲ್ಲಿ ಬಿಪಿ ತೀರಾ ಕುಸಿಯುವುದರಿಂದ. ನಾಟಿ ಮದ್ದು, ಕಷಾಯ, ಲೇಹ್ಯ ಇದ್ದರೆ ಮುಚ್ಚಿಡಬೇಡಿ. ಎರಡು ವಾರ ಮುಂಚೆ ನಿಲ್ಲಿಸಿದರೆ ಕ್ಷೇಮ.

ಇನ್ನು ಕುಡಿತ. ಅರಿವಳಿಕೆ ಡಾಕ್ಟರು ‘ಕುಡೀತೀರಾ’ ಎಂದು ಕೇಳಿದಾಗ ಹೆಂಡತಿ ಪಕ್ಕದಲ್ಲಿದ್ದಾರೆಂದು ‘ಯಾವಾಗಾದರೊಮ್ಮೆ’ ಅನ್ನುವುದು ಎಲ್ಲ ಊರಿನ ಕಥೆ. ದಿನವೂ ಮೂರು ಪೆಗ್ ಇದ್ದರೆ ಮೂರು ಪೆಗ್ ಎಂದೇ ಹೇಳಿ. ಅವರು ಬುದ್ಧಿ ಹೇಳಲು ಕೇಳುತ್ತಿಲ್ಲ. ದಿನವೂ ಕುಡಿಯುವವರಲ್ಲಿ ಅರಿವಳಿಕೆಯ ಪ್ರಮಾಣ ಬದಲಾಗುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಎರಡನೇ ಮೂರನೇ ದಿನ ಕೈ ನಡುಕ, ಬೆವರು, ಗಲಿಬಿಲಿ ಶುರುವಾಗಬಹುದು. ಅಷ್ಟು ಹೊತ್ತಿಗೆ ನೀವು ಮನೆಯಲ್ಲಿರುತ್ತೀರಿ. ಬೀಡಿ ಸಿಗರೇಟು ನಾಲ್ಕು ವಾರ ಮುಂಚೆ ಬಿಟ್ಟರೆ ಗಾಯ ಬೇಗ ಮಾಯುತ್ತದೆ, ಕೆಮ್ಮೂ ಕಡಿಮೆಯಾಗುತ್ತದೆ.

ಹೊಟ್ಟೆ ಖಾಲಿ ಅಂದರೆ ಎಷ್ಟು

ಆಪರೇಷನ್ ಮುಂದಕ್ಕೆ ಹಾಕಬೇಕಾಗುವುದು ಎಷ್ಟೋ ಸಲ ಇಲ್ಲೇ. ಅರಿವಳಿಕೆಯಲ್ಲಿ ಗಂಟಲಿನ ಕಾವಲು ಸಡಿಲವಾಗುತ್ತದೆ. ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು. ಸಾಮಾನ್ಯ ಲೆಕ್ಕ ಹೀಗೆ: ಜಿಡ್ಡಿನ ಊಟ, ಮಾಂಸ ಆಗಿದ್ದರೆ 8 ಗಂಟೆ, ಹಗುರ ತಿಂಡಿ ಅಥವಾ ಹಾಲು ಹಾಕಿದ ಏನೇ ಇದ್ದರೂ 6 ಗಂಟೆ, ತಿಳಿಯಾದ ಪಾನೀಯಕ್ಕೆ 2 ಗಂಟೆ.

ನಮ್ಮ ಅಡುಗೆಮನೆಗೆ ಇಳಿಸಿದರೆ, ಹಿಂದಿನ ರಾತ್ರಿ ಪಂದಿ ಕರಿ ಕಡಂಬುಟ್ಟು ಬೇಡ. ಬೆಳಿಗ್ಗೆ ಎಂಟಕ್ಕೆ ಆಪರೇಷನ್ ಎಂದಾದರೆ ರಾತ್ರಿ ಎಂಟರೊಳಗೆ ಅನ್ನ ಸಾರೋ ನೂಪುಟ್ಟೋ (ಅಕ್ಕಿ ಶಾವಿಗೆ) ತಿಂದು ಮುಗಿಸಿ. ಹಾಲು ಕಾಫಿ ಊಟದ ಲೆಕ್ಕಕ್ಕೇ ಸೇರುತ್ತದೆ, ಎರಡು ಚಮಚ ಹಾಲಾದರೂ ಅಷ್ಟೇ. ಆದರೆ ಚೆನ್ನಾಗಿ ಸೋಸಿದ, ಹಾಲಿಲ್ಲದ ಬೆಲ್ಲ ಕಾಫಿ ತಿಳಿ ಪಾನೀಯದ ಗುಂಪಿನದು. ನಿಮ್ಮ ಅರಿವಳಿಕೆ ಡಾಕ್ಟರು ಒಪ್ಪಿದರೆ ಎರಡು ಗಂಟೆ ಮುಂಚಿನವರೆಗೂ ಒಂದು ಲೋಟ ಕುಡಿಯಬಹುದು. ಬೆಳಿಗ್ಗೆ ಕಾಫಿಯಿಲ್ಲದೆ ತಲೆನೋವು ಬರುವವರಿಗೆ ಇದು ಸಣ್ಣ ಉಪಕಾರವಲ್ಲ. ಶುಗರ್ ಇರುವವರು ಬೆಲ್ಲ ಬಿಟ್ಟು ಕುಡಿಯಲಿ. ಎಳನೀರು, ಗಂಜಿತಿಳಿ, ಮಜ್ಜಿಗೆಯನ್ನು ನೀವೇ ‘ತಿಳಿ’ ಎಂದುಕೊಳ್ಳಬೇಡಿ. ಎಲೆ ಅಡಿಕೆ, ಹೊಗೆಸೊಪ್ಪು, ಚೂಯಿಂಗ್ ಗಮ್ ಬಾಯಿಗೆ ಹಾಕಬೇಡಿ. ‘ರಾತ್ರಿ ಹನ್ನೆರಡರ ಮೇಲೆ ನೀರೂ ಬೇಡ’ ಎಂದು ನಿಮ್ಮ ಆಸ್ಪತ್ರೆ ಹೇಳಿದ್ದರೆ ಅವರ ಮಾತೇ ಕೊನೆ. ಮಧ್ಯಾಹ್ನದ ಆಪರೇಷನ್ ಆದರೆ ನೀರಿನ ವಿಷಯ ಒಮ್ಮೆ ಫೋನ್ ಮಾಡಿ ಕೇಳಿ. ವಯಸ್ಸಾದವರು ಹದಿನಾಲ್ಕು ಗಂಟೆ ಒಣಗಿ ಕೂರುವುದು ಒಳ್ಳೆಯದಲ್ಲ.

ತಪ್ಪಿ ಏನಾದರೂ ತಿಂದಿದ್ದರೆ ಹೇಳಿಬಿಡಿ. ಹೆಚ್ಚೆಂದರೆ ಆಪರೇಷನ್ ನಾಲ್ಕು ಗಂಟೆ ತಡವಾಗುತ್ತದೆ, ಇಲ್ಲವೇ ಮರುದಿನಕ್ಕೆ ಹೋಗುತ್ತದೆ.

ಹೊರಡುವ ಬೆಳಿಗ್ಗೆ

ಹಿಂದಿನ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಸೋಪು ಹಚ್ಚಿ ಸ್ನಾನ. ಪೊರೆ ಆಪರೇಷನ್ ಆದರೆ ತಲೆಗೂ ಸ್ನಾನ ಮಾಡಿಬಿಡಿ, ಆಮೇಲೆ ಕೆಲ ದಿನ ಆಗುವುದಿಲ್ಲ. ಆಪರೇಷನ್ ಜಾಗದ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ. ಕಣ್ಣಿಗೆ ಕಾಣದ ಗೀರುಗಳಲ್ಲಿ ಕೀವು ಹುಟ್ಟುತ್ತದೆ. ಉಗುರಿನ ಬಣ್ಣ, ಗೋರಂಟಿ ಇದ್ದರೆ ಬೆರಳಿಗೆ ಹಾಕುವ ಆಮ್ಲಜನಕದ ಕ್ಲಿಪ್ ತಪ್ಪು ತೋರಿಸಬಹುದು. ಬಳೆ, ಉಂಗುರ, ಕಾಲುಂಗುರ, ಕರ್ತಮಣಿ ಎಲ್ಲ ಮನೆಯಲ್ಲೇ ತೆಗೆದಿಡಿ. ರಕ್ತ ನಿಲ್ಲಿಸಲು ವಿದ್ಯುತ್ ಉಪಕರಣ ಬಳಸುವಾಗ ಲೋಹ ತಗುಲಿದಲ್ಲಿ ಸುಟ್ಟ ಗಾಯವಾಗುವ ಅಪಾಯವಿದೆ. ಉಂಗುರ ಬಿಗಿಯಾಗಿದ್ದರೆ ಮೂರು ದಿನ ಮೊದಲೇ ಸೋಪಿನ ನೀರಿನಲ್ಲಿ ಜಾರಿಸಿ ತೆಗೆಯಿರಿ. ಅಲ್ಲಾಡುವ ಹಲ್ಲು, ಹಲ್ಲಿನ ಸೆಟ್ ಇದ್ದರೆ ತಿಳಿಸಬೇಕು. ಜ್ವರ, ಕಫದ ಕೆಮ್ಮು ಇದ್ದರೆ ಹೊರಡುವ ಮುನ್ನವೇ ಫೋನ್ ಮಾಡಿ, ನೂರು ಕಿಲೋಮೀಟರ್ ಹೋದ ಮೇಲಲ್ಲ.

ಬಿಡುವ ಮುನ್ನ, ಮತ್ತು ದಾರಿ

ಮನೆಗೆ ಕಳಿಸುವ ಮುಂಚೆ ಡಾಕ್ಟರು ನೋಡುವುದು ಬಿಪಿ ಮತ್ತು ಉಸಿರು ಸ್ಥಿರವಾಗಿದೆಯೇ, ವಾಂತಿ ನಿಂತಿದೆಯೇ, ಎದ್ದು ನಡೆಯಬಲ್ಲರೇ ಎಂಬುದನ್ನು. ಹರ್ನಿಯಾ, ಪೈಲ್ಸ್ ಆದವರು ಮತ್ತು ಬೆನ್ನಿಗೆ ಅರಿವಳಿಕೆ ಚುಚ್ಚಿಸಿಕೊಂಡವರು ಮೂತ್ರ ಮಾಡಿದ ಮೇಲೆಯೇ ಹೊರಡಬೇಕು. ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಲ್ಲಿ ಮೂತ್ರ ಕಟ್ಟುವುದು ಮಾಮೂಲು. ಅದು ಸಂಪಾಜೆ ಘಾಟಿಯ ನಡುವೆ ಗೊತ್ತಾದರೆ ಯಾರೇನು ಮಾಡಲಾದೀತು?

ಡಿಸ್ಚಾರ್ಜ್ ಚೀಟಿ ಕೈಗೆ ಬಂದಾಗ ಅಲ್ಲೇ ನಿಂತು ಓದಿಸಿಕೊಳ್ಳಿ. ಯಾವ ಮಾತ್ರೆ ಎಷ್ಟು ಹೊತ್ತಿಗೆ, ಹೊಲಿಗೆ ತಾನಾಗಿ ಕರಗುವುದೋ ತೆಗೆಸಬೇಕೋ, ರಾತ್ರಿ ಫೋನ್ ಮಾಡಿದರೆ ಎತ್ತುವ ನಂಬರ್ ಯಾವುದು. ಔಷಧಿಯನ್ನು ಆಸ್ಪತ್ರೆಯ ಅಂಗಡಿಯಲ್ಲೇ ಕೊಳ್ಳಿ. ವಾಂತಿ ನಿಲ್ಲಿಸುವ ಮಾತ್ರೆ ಒಂದನ್ನು ದಾರಿಗಾಗಿ ಕೇಳಿ ಪಡೆಯಿರಿ. ಅರಿವಳಿಕೆಯ ಓಕರಿಕೆಗೆ ಘಾಟಿಯ ತಿರುವುಗಳು ಸೇರಿದರೆ ಹೊಲಿಗೆಗೆ ಜಗ್ಗಾಟ.

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್, ಕಾರಿನಲ್ಲಿ ಮೂರು ಗಂಟೆ ಹಿಡಿಯುತ್ತದೆ. ರೈಲಿಲ್ಲದ ಜಿಲ್ಲೆ, ರಸ್ತೆಯೇ ಗತಿ. ಸಂಜೆ ಐದಕ್ಕೆ ಬಿಟ್ಟರೆ ಆ ರಾತ್ರಿ ಅಲ್ಲೇ ನೆಂಟರ ಮನೆಯಲ್ಲೋ ಲಾಡ್ಜಿನಲ್ಲೋ ಉಳಿಯುವುದೇ ಸರಿ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ, ತಿತಿಮತಿ ಕಡೆಯವರಂತೂ ಕತ್ತಲಾದ ಮೇಲೆ ತೋಟದ ದಾರಿ ಹಿಡಿಯಬಾರದು. ಆನೆ ಅಡ್ಡ ನಿಂತರೆ ಆಪರೇಷನ್ ಆದವರು ಇಳಿದು ಓಡುವುದಕ್ಕಾಗುವುದಿಲ್ಲ.

ಸ್ಕೂಟರ್, ಜೀಪಿನ ಹಿಂದಿನ ಸೀಟು ಬೇಡ. ಕಾರಿನ ಮುಂದಿನ ಸೀಟನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಹೊಟ್ಟೆಗೂ ಸೀಟ್ ಬೆಲ್ಟಿಗೂ ನಡುವೆ ಸಣ್ಣ ದಿಂಬು ಇಡಿ. ಗಂಟೆಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ. ಅರಿವಳಿಕೆಯ ಮಂಪರು 24 ಗಂಟೆ ಇರುತ್ತದೆ. ಅಷ್ಟು ಹೊತ್ತು ಗಾಡಿ ಓಡಿಸುವುದು, ಕುಡಿಯುವುದು, ಕಾಗದಕ್ಕೆ ಸಹಿ ಹಾಕುವುದು ಯಾವುದೂ ಬೇಡ.

ಮೊದಲ ಎರಡು ರಾತ್ರಿ

ನೋವು ಬಂದ ಮೇಲೆ ಮಾತ್ರೆ ಎಂದು ಕಾಯಬೇಡಿ. ಸ್ಥಳೀಯ ಅರಿವಳಿಕೆ ರಾತ್ರಿ ಹತ್ತು ಹನ್ನೊಂದಕ್ಕೆ ಇಳಿಯುತ್ತದೆ, ನೋವು ಒಮ್ಮೆಲೇ ಎದ್ದು ನಿಲ್ಲುತ್ತದೆ. ಮಲಗುವ ಮುಂಚೆಯೇ ಒಂದು ಡೋಸ್ ಹೊಟ್ಟೆಯಲ್ಲಿರಲಿ. ಬರೆದುಕೊಟ್ಟಿರುವುದು ಪ್ಯಾರಸಿಟಮಾಲ್ 650 ಆದರೆ ಆರು ಗಂಟೆಗೊಮ್ಮೆ, ಎರಡು ದಿನ, ಗಡಿಯಾರ ನೋಡಿ. ಇಲ್ಲೊಂದು ತಪ್ಪು ಪದೇ ಪದೇ ಆಗುತ್ತದೆ: ಅಸೆಕ್ಲೋಫೆನಾಕ್ ಎಂಬ ನೋವಿನ ಮದ್ದು ಸೇರಿಸಿದ ಬಹಳಷ್ಟು ಮಾತ್ರೆಗಳಲ್ಲಿ ಪ್ಯಾರಸಿಟಮಾಲ್ ಮೊದಲೇ ಇರುತ್ತದೆ. ಮೇಲೆ ಇನ್ನೊಂದು 650 ನುಂಗಿದರೆ ಲಿವರ್‌ಗೆ ಹೊರೆ. ಹಾಳೆಯ ಹಿಂದಿನ ಸಣ್ಣ ಅಕ್ಷರ ಓದಿ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇದ್ದವರಿಗೆ ಡಿಕ್ಲೋಫೆನಾಕ್ ಜಾತಿಯ ಮಾತ್ರೆ ಒಳ್ಳೆಯದಲ್ಲ.

ಮೊದಲು ಬಿಸಿನೀರು, ಅದು ಹೊಟ್ಟೆಯಲ್ಲಿ ನಿಂತರೆ ಗಂಜಿ, ಆಮೇಲೆ ಅನ್ನ. ಟ್ರಮಡಾಲ್ ಎಂಬ ನೋವಿನ ಮಾತ್ರೆ ಕೊಟ್ಟಿದ್ದರೆ ಮಲ ಗಟ್ಟಿಯಾಗುವುದು ಬಹುಮಟ್ಟಿಗೆ ಖಚಿತ. ಅವತ್ತಿನಿಂದಲೇ ಎರಡು ಚಮಚ ಇಸಬ್ಗೋಲನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿಯಲಿ. ನೀರು ಕಡಿಮೆಯಾದರೆ ಅದೇ ಗಂಟಾಗುತ್ತದೆ.

ಆಗಸ್ಟ್ ಮೊದಲ ವಾರದಲ್ಲಿ ಆಪರೇಷನ್ ಆದವರಿಗೆ ಕೊಡಗಿಗೇ ಸೇರಿದ ಒಂದು ಮಾತು. ಕಕ್ಕಡ 18ರಂದು (ಕೊಡವರ ಕಕ್ಕಡ ತಿಂಗಳ 18ನೇ ದಿನ) ಮದ್ದುಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಾಗುತ್ತದೆ. ಊರಿನವರಿಗೆ ಇದು ಗೊತ್ತು, ಫೋನಿನಲ್ಲಿ ಕೇಳಿಸಿಕೊಳ್ಳುವ ಹೊರಗಿನ ಡಾಕ್ಟರಿಗೆ ಗೊತ್ತಿರಲಿಕ್ಕಿಲ್ಲ. ನಿಜವಾಗಿ ರಕ್ತ ಹೋಗುತ್ತಿದ್ದರೂ ‘ಮದ್ದುಸೊಪ್ಪಿಂದು’ ಎಂದು ಮನೆಯವರು ಬಿಟ್ಟುಬಿಡುವ ಅಪಾಯವೂ ಇದೆ. ಆ ವರ್ಷ ಪಾಯಸ ಬಿಡುವುದೇ ಸುಲಭ.

ಗಾಯ, ತೇವ, ಹೊಗೆ

ಕಟ್ಟನ್ನು 48 ಗಂಟೆ ಒಣಗಿರುವಂತೆ ನೋಡಿಕೊಳ್ಳಿ. ಆಮೇಲೆ ಡಾಕ್ಟರು ಒಪ್ಪಿದ್ದರೆ ಚೊಂಬಿನಿಂದ ಮೆಲ್ಲಗೆ ನೀರು ಹುಯ್ದುಕೊಂಡು, ಉಜ್ಜದೆ ಒತ್ತಿ ಒರೆಸಿ. ಹೊಳೆ, ಕೆರೆ ಹೊಲಿಗೆ ಮಾಯುವವರೆಗೆ ಬೇಡ. ಮಳೆಗಾಲದಲ್ಲಿ ನೀರು ತಾಗದಿದ್ದರೂ ಹತ್ತಿ ತಾನಾಗಿ ತೇವವಾಗುತ್ತದೆ. ನಾಲ್ಕೈದು ಸ್ಟೆರೈಲ್ ಗಾಜ್ ಮತ್ತು ಪೇಪರ್ ಟೇಪ್ ಹೆಚ್ಚಿಗೆ ತಂದಿಡಿ. ಒಲೆಯ ಮೇಲೆ ಹರವಿ ಒಣಗಿಸಿದ ಬಟ್ಟೆಯಲ್ಲಿ ಮಸಿ, ತೇವ ಎರಡೂ ಉಳಿದಿರುತ್ತವೆ. ಗಾಯಕ್ಕೆ ತಾಗುವ ಒಳಬಟ್ಟೆಗೆ ಬಿಸಿ ಇಸ್ತ್ರಿ ಹಾಕಿಯೇ ತೊಡಿ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಬೇಡಿ. ರಕ್ತ ನಿಲ್ಲಲಿ ಎಂದು ಕಾಫಿ ಪುಡಿ ಒತ್ತುವುದಂತೂ ಬೇಡವೇ ಬೇಡ, ಅದನ್ನು ತೊಳೆದು ತೆಗೆಯುವುದೇ ಇನ್ನೊಂದು ಆಪರೇಷನ್ ಆದೀತು. ರಕ್ತ ಒಸರಿದರೆ ಶುದ್ಧ ಬಟ್ಟೆ ಮಡಚಿಟ್ಟು 10 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ಮಧ್ಯೆ ಎತ್ತಿ ಎತ್ತಿ ನೋಡಿದರೆ ಹೆಪ್ಪು ಕೀಳುತ್ತದೆ.

ಗಾಯದ ಸುತ್ತ ಕೆಂಪಿದ್ದರೆ ಅದರ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಮರುದಿನ ಕೆಂಪು ಗೆರೆ ದಾಟಿದ್ದರೆ ಸೋಂಕು ಹರಡುತ್ತಿದೆ ಎಂದು ತಿಳಿದು ಹೊರಡಿ. ಇದು ಸಾಮಾನ್ಯವಾಗಿ ಮೂರನೇ ದಿನದಿಂದ ಏಳನೇ ದಿನದೊಳಗೆ ಕಾಣಿಸುತ್ತದೆ.

ಹರ್ನಿಯಾ

ಹಾಸಿಗೆಯಿಂದ ನೇರ ಎದ್ದು ಕೂರುವುದೇ ಮೊದಲ ತಪ್ಪು. ಮಂಡಿ ಮಡಚಿ ಪಕ್ಕಕ್ಕೆ ಹೊರಳಿ, ಕಾಲುಗಳನ್ನು ಮಂಚದಿಂದ ಕೆಳಗೆ ಇಳಿಬಿಡಿ, ಅದೇ ಹೊತ್ತಿಗೆ ಕೆಳಗಿನ ಮೊಣಕೈಯನ್ನೂ ಮೇಲಿನ ಅಂಗೈಯನ್ನೂ ಹಾಸಿಗೆಗೆ ಊರಿ ಮೇಲೇಳಿ. ಹೊಟ್ಟೆಯ ಸ್ನಾಯುವಿಗೆ ಕೆಲಸವೇ ಬೀಳುವುದಿಲ್ಲ. ಕೆಮ್ಮು ಸೀನು ಬಂದರೆ ದಿಂಬನ್ನು ಗಾಯಕ್ಕೆ ಒತ್ತಿ ಹಿಡಿಯಬೇಕು. ನೆಲಕ್ಕೆ ಕೂರುವ ಕಕ್ಕಸಾದರೆ ಮಧ್ಯೆ ತೂತಿರುವ ಪ್ಲಾಸ್ಟಿಕ್ ಕುರ್ಚಿ ಮೊದಲೇ ತಂದಿಡಿ. ವೃಷಣದ ಚೀಲ ಊದಿ ನೀಲಿಯಾಗುವುದು ಹೆದರುವ ಸಂಗತಿಯಲ್ಲ, ಬಿಗಿ ಚಡ್ಡಿ ಹಾಕಿದರೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ನಾಲ್ಕರಿಂದ ಆರು ವಾರ 5 ಕಿಲೋಗಿಂತ ಹೆಚ್ಚು ಎತ್ತಬಾರದು. ಕಾಫಿಯ ಮೂಟೆ 50 ಕಿಲೋ. ನೀರು ತುಂಬಿದ ಕೊಡವೇ ಹತ್ತು ದಾಟುತ್ತದೆ.

ಪೈಲ್ಸ್

ಅಗಲದ ಟಬ್ಬಿನಲ್ಲಿ ಉಗುರು ಬೆಚ್ಚಗಿನ ನೀರು ಹಾಕಿ ದಿನಕ್ಕೆ ಮೂರು ಸಲ, ಜೊತೆಗೆ ಮಲವಿಸರ್ಜನೆಯ ನಂತರ ಪ್ರತಿಸಲವೂ 10–15 ನಿಮಿಷ ಕೂರಬೇಕು. ಹಂಡೆಯ ಕುದಿನೀರು ಬೇಡ, ಕೈ ಇಟ್ಟರೆ ಹಿತವಾಗಿರಬೇಕು. ಮಲದ ಜೊತೆ ಸ್ವಲ್ಪ ರಕ್ತ ಕಾಣುವುದು ಸಹಜ. ಏಳರಿಂದ ಹತ್ತನೇ ದಿನದ ನಡುವೆ ಕಟ್ಟಿದ ಭಾಗ ಉದುರುವಾಗ ಮತ್ತೆ ಕಾಣಬಹುದು. ಹೆಪ್ಪುಹೆಪ್ಪಾಗಿ ಬಂದರೆ, ನಿಲ್ಲದಿದ್ದರೆ ಆಸ್ಪತ್ರೆಗೆ.

ಕಣ್ಣಿನ ಪೊರೆ

ಇಲ್ಲಿ ಗೆಲ್ಲಿಸುವುದು ಡ್ರಾಪ್ಸ್ ಹಾಕುವ ಕೈ. ಸೋಪಿನಿಂದ ಕೈ ತೊಳೆದು, ತಲೆ ಹಿಂದಕ್ಕೆ ವಾಲಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ಕೆಳಗೆಳೆದು ಆ ತೊಟ್ಟಿಲಿಗೆ ಒಂದೇ ಹನಿ ಬಿಡಿ. ಬಾಟಲಿಯ ತುದಿ ರೆಪ್ಪೆಗೂ ತಾಗಬಾರದು. ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದು ನಿಮಿಷ ಮೆಲ್ಲಗೆ ಒತ್ತಿ. ಎರಡನೇ ಔಷಧಿಗೆ 5 ನಿಮಿಷ ಬಿಡಿ, ಇಲ್ಲದಿದ್ದರೆ ಮೊದಲಿನದನ್ನು ಅದು ತೊಳೆದುಬಿಡುತ್ತದೆ. ಸ್ಟಿರಾಯ್ಡ್ ಡ್ರಾಪ್ಸ್ ನಾಲ್ಕರಿಂದ ಆರು ವಾರ, ವಾರ ವಾರ ಇಳಿಸುತ್ತಾ ಹೋಗುವುದು. ಕಣ್ಣು ಚೆನ್ನಾಗಿ ಕಾಣತೊಡಗಿತು ಎಂದು ಮಧ್ಯೆ ನಿಲ್ಲಿಸಬೇಡಿ.

ಒಂದು ವಾರ ಮಲಗುವಾಗ ಕಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ ಇರಲಿ. ಎರಡು ವಾರ ಸೌದೆ ಒಲೆಯ ಮುಂದೆ ಕೂರುವುದು, ಕಣದಲ್ಲಿ ಕಾಫಿ ಕೆದಕುವುದು, ಮೈಲುತುತ್ತದ ಸ್ಪ್ರೇ ನಡೆಯುವ ಕಡೆ ಓಡಾಡುವುದು ಬೇಡ. ಮುಖ ತೊಳೆಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ತಲೆಸ್ನಾನ ಯಾವಾಗ ಎಂದು ಮರುಭೇಟಿಯಲ್ಲಿ ಕೇಳಿ. ಮರಳು ಬಿದ್ದ ಹಾಗೆ ಕಿರಿಕಿರಿ ಕೆಲ ದಿನ ಇರುತ್ತದೆ. ಆದರೆ ನೋವು ದಿನೇ ದಿನೇ ಏರುತ್ತಾ, ಕಣ್ಣು ಕೆಂಪಾಗಿ, ದೃಷ್ಟಿ ಮಸುಕಾಗುತ್ತಿದ್ದರೆ ಒಳಗೆ ಸೋಂಕು ಆಗಿರಬಹುದು. ನಾಳೆ ನೋಡೋಣ ಎಂದರೆ ಕಣ್ಣೇ ಹೋಗಬಹುದು, ಅದೇ ದಿನ ತೋರಿಸಬೇಕು.

ಹೊರಡಬೇಕಾದ ಹೊತ್ತು

100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಒತ್ತಿ ಹಿಡಿದರೂ ನಿಲ್ಲದ ರಕ್ತ, ಹೊಟ್ಟೆಯಲ್ಲಿ ಏನೂ ನಿಲ್ಲದ ವಾಂತಿ, ಆರರಿಂದ ಎಂಟು ಗಂಟೆ ಮೂತ್ರ ಹೋಗದೆ ಕಿಬ್ಬೊಟ್ಟೆ ಬಿಗಿಯುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು. ಏಕಾಏಕಿ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಯೋಚಿಸುವುದೇ ಬೇಡ, 108. ಬೆನ್ನಿಗೆ ಚುಚ್ಚಿಸಿಕೊಂಡವರಿಗೆ ಮೊದಲ ಐದು ದಿನಗಳಲ್ಲಿ ಎದ್ದು ಕೂತರೆ ಸಿಡಿಯುವ, ಮಲಗಿದರೆ ಇಳಿಯುವ ತಲೆನೋವು ಬರಬಹುದು. ಇದಕ್ಕೆ ಚಿಕಿತ್ಸೆ ಇದೆ. ಆಪರೇಷನ್ ಮಾಡಿದ ಆಸ್ಪತ್ರೆಗೆ ತಿಳಿಸಿ. ತುರ್ತಲ್ಲದ ಸಂದೇಹಕ್ಕೆ 104 ಸಹಾಯವಾಣಿ ಇದೆ.

108ಕ್ಕೆ ಫೋನ್ ಮಾಡುವಾಗ ಮನೆತನದ ಹೆಸರು ಹೇಳಿದರೆ ಹೊರಗಿನ ಚಾಲಕರಿಗೆ ದಾರಿ ತಿಳಿಯುವುದಿಲ್ಲ. ಯಾವ ಮುಖ್ಯರಸ್ತೆ, ಯಾವ ಬಸ್ ಸ್ಟಾಪ್ ಅಥವಾ ಅಂಗಡಿಯ ಪಕ್ಕದ ತಿರುವು, ಅಲ್ಲಿಂದ ಎಷ್ಟು ಕಿಲೋಮೀಟರ್, ಗೇಟಿನ ಬಣ್ಣ ಏನು. ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿಡಿ. ಮನೆಯ ಯಾವ ಮೂಲೆಯಲ್ಲಿ ಸಿಗ್ನಲ್ ಸಿಗುತ್ತದೆ ಎಂಬುದು ಬಂದಿರುವ ನೆಂಟರಿಗೂ ಗೊತ್ತಿರಲಿ. ಮಣ್ಣುರಸ್ತೆಯಲ್ಲಿ ಆಂಬುಲೆನ್ಸ್ ಹತ್ತದಿದ್ದರೆ ಡಾಂಬರಿನವರೆಗೆ ಇಳಿಸಲು ಯಾರ ಜೀಪು, ಓಡಿಸುವವರು ಯಾರು ಎಂದು ಆಪರೇಷನ್‌ಗೆ ಮುಂಚೆಯೇ ಮಾತಾಡಿಟ್ಟಿರಿ. ಜೀಪಿನ ಬೀಗದ ಕೈ ಆ ಎರಡು ರಾತ್ರಿ ನಿಮ್ಮ ಮನೆಯ ಮೊಳೆಯಲ್ಲೇ ನೇತಾಡುತ್ತಿರಲಿ.